ಮೂವರು ಕೂಡಿ ಕಟ್ಟಿದ ವ್ಯಾಗನ್ನು

ದಾಂಡೇಲಿಯಿಂದ ಹಳಿಯಾಳಕ್ಕೆ ಹೋಗುವ ರಸ್ತೆಯ ಬದಿಗೆ ಗೌಸನ ಗ್ಯಾರೇಜು. ಶುಕ್ರವಾರ ಮಧ್ಯಾಹ್ನದ ನಮಾಜು ಮುಗಿಯಿತೆಂದರೆ ಅಲ್ಲಿ ಯಾರೂ ನಟ್ಟು ತಿರುಗಿಸುವ ಪಾನಾ ಮುಟ್ಟುತ್ತಿರಲಿಲ್ಲ. ಆ ಹೊತ್ತು ಮಾತಿಗೆ ಮೀಸಲು. ಲಾರಿ, ಜೀಪು, ಬಸ್ಸು ಇವೆಲ್ಲ ಹೊಟ್ಟೆಪಾಡಿನ ಸಂಗತಿ, ಅವುಗಳ ಬಗ್ಗೆ ಏನು ಮಾತಾಡುವುದು? ಮಾತಾಡಿದರೆ ಸ್ಟೇಶನ್ ವ್ಯಾಗನ್ನಿನ ಬಗ್ಗೆ ಮಾತಾಡಬೇಕು. ಮುಂದೆ ಕಾರಿನ ಮುಖ, ಹಿಂದೆ ಒಂದು ಖೋಲಿಯಷ್ಟು ಜಾಗ, ಚಾವಣಿ ಬಾಲದ ತನಕ ನೆಟ್ಟಗೆ. ಆ ಕಾಲಕ್ಕೆ ಸುತ್ತಲಿನ ನಾಲ್ಕು ತಾಲೂಕಿನಲ್ಲಿ ಓಡುವ ಸ್ಥಿತಿಯ ಹಳೆಯ ವ್ಯಾಗನ್ನು ಒಂದೂ ಇರಲಿಲ್ಲ. ಅದರಿಂದ ಇವರ ವಾದಕ್ಕೇನೂ ತೊಂದರೆಯಾಗಿರಲಿಲ್ಲ, ಇನ್ನೂ ಸಲೀಸಾಗಿತ್ತು.

ವಾದ ಮಾಡುವವರು ಮೂವರು. ಮೊದಲನೆಯವನು ಕಾಸಿಂಸಾಬ. ರಾಮನಗರದ ಕಟ್ಟಿಗೆ ಕಂತ್ರಾಟದಾರರ ಮನೆಯಲ್ಲಿ ಗಾಡಿ ಹೊಡೆದೇ ಕೂದಲು ಬೆಳ್ಳಗಾದ ಮುದುಕ. ಅವನ ಪ್ರಕಾರ ದೇವರು ಮನುಷ್ಯನಿಗೆ ಕೊಟ್ಟ ವ್ಯಾಗನ್ನು ಒಂದೇ, ಅದು ವಿಲ್ಲೀಸ್. ಪ್ಲಿಮತ್ ಎಂದವರನ್ನು ಕಂಡು ಅವನು ಮೂಗು ಮುರಿಯುತ್ತಿದ್ದ, ವ್ಯಾನ್‌ಗಾರ್ಡ್ ಎಂದವರಿಗೆ ಬೆನ್ನು ತಿರುಗಿಸಿ ಕೂಡುತ್ತಿದ್ದ. ಇನ್ನು ವಿಲ್ಲೀಸ್ ಆದರೂ ಮುಂದಿನ ಸೀಟಿನ ಹಿಂದೆ ದಪ್ಪನೆಯ ಪರದೆ ಬೇಕೇ ಬೇಕು. ತನ್ನ ಧಣಿಯ ಮನೆಯ ಹೆಣ್ಣುಮಕ್ಕಳು ಆ ಪರದೆಯ ಹಿಂದೆ ಕಾಲು ಚಾಚಿ ಕುಳಿತು ಗೋವೆಯವರೆಗೂ ಹೋಗಿಬಂದಿದ್ದರು, ಹಾದಿಯಲ್ಲಿ ಒಬ್ಬನ ಕಣ್ಣೂ ಅವರ ಮೇಲೆ ಬಿದ್ದಿರಲಿಲ್ಲ. ಪರದೆ ಇಲ್ಲದ ವ್ಯಾಗನ್ನು ಅವನ ಲೆಕ್ಕದಲ್ಲಿ ಲಾರಿಗೆ ಸಮ.

ಎರಡನೆಯವನು ಲುಯಿಸ್. ಜೊಯಿಡಾ ದಾಟಿ ಅಣಶಿಯ ಕಡೆ ಹೋದರೆ ಸಿಗುವ ಸಿದ್ದಿಯರ ಹಳ್ಳಿಯವನು, ಸುಪಾ ಅಣೆಕಟ್ಟಿನ ಕೆಲಸದಲ್ಲಿ ಜೀಪು ಓಡಿಸುತ್ತಿದ್ದ. ಅವನಿಗೆ ಕಂಪನಿಯ ಹೆಸರು ಬೇಕಿರಲಿಲ್ಲ, ಉದ್ದ ಬೇಕಿತ್ತು. ಅವನ ಊರಲ್ಲಿ ಕಾಯಿಲೆ ಬಿದ್ದವರನ್ನು ಬಿದಿರ ಗಳಕ್ಕೆ ಕವದಿ ಕಟ್ಟಿ, ಆ ಜೋಲಿಯಲ್ಲಿ ಮಲಗಿಸಿ, ಇಬ್ಬರು ಹೆಗಲು ಕೊಟ್ಟು ರಸ್ತೆಗೆ ತರುತ್ತಾರೆ. ರಸ್ತೆಗೆ ಬಂದ ಮೇಲೆ ಜೀಪು. ಜೋಲಿ ಬಿಚ್ಚಿ, ರೋಗಿಯನ್ನು ಚೀಲ ಮಡಚಿದ ಹಾಗೆ ಮಡಚಿ ಒಳಗೆ ತುರುಕಬೇಕು. ಅವನ ಅಪ್ಪ ಹಾಗೆಯೇ ಜೀಪಿನಲ್ಲಿ ಒದ್ದಾಡಿ ಒದ್ದಾಡಿ ಸತ್ತಿದ್ದ. ಹಿಂದಿನ ಬಾಗಿಲು ತೆರೆದು, ಗಳದ ಸಮೇತ ಜೋಲಿಯನ್ನು ಹಾಗೆಯೇ ನುಂಗುವ ಗಾಡಿ ಯಾವುದೋ ಅದೇ ನಿಜವಾದ ವ್ಯಾಗನ್ನು ಎನ್ನುವುದು ಅವನ ಮಾತು.

ಮೂರನೆಯವನು ಗೌಸ. ಅವನ ಕಣ್ಣು ಯಾವಾಗಲೂ ಗಾಡಿಯ ಹೊಟ್ಟೆಯ ಕೆಳಗೆ. ಅಲ್ಲಿ ಏನೂ ಜೋತು ಬಿದ್ದಿರಬಾರದು. ಜೊಯಿಡಾ ಕಡೆಯ ಹಳ್ಳದ ಕಲ್ಲುಗಳು ಎಷ್ಟು ಸೈಲೆನ್ಸರ್ ಪೈಪು ಮುರಿದಿವೆಯೋ ದೇವರೇ ಬಲ್ಲ. ಹಾಗಾಗಿ ಆ ಹಾದಿಗೆ ಹೋಗುವ ಗಾಡಿ ಯಾವುದೇ ಇರಲಿ, ಗೌಸ ಹೊಗೆಯ ಪೈಪನ್ನು ನಡುವಿನಲ್ಲೇ, ನೆಲಹಾಸಿನ ಕೆಳಗೆ ಕತ್ತರಿಸಿ ತಂತಿ ಬಿಗಿದು ಕೊಡುತ್ತಿದ್ದ. ಡ್ರೈವರುಗಳು ಅದಕ್ಕೆ ಗೌಸನ ಕಟ್ ಎಂದೇ ಹೆಸರಿಟ್ಟಿದ್ದರು. ಜೀಪು, ಲಾರಿಗಳಿಗೆ ಹಿಂದೆ ಬಾಗಿಲೂ ಇಲ್ಲ ಗೋಡೆಯೂ ಇಲ್ಲ, ಹೊಗೆ ಬಂದ ಹಾಗೇ ಗಾಳಿಗೆ ಹಾರಿಹೋಗುತ್ತಿತ್ತು. ಕಟ್ ಹೊಡೆದದ್ದರಿಂದ ಯಾರಿಗೂ ಒಂದು ಸೀನು ಕೂಡ ಬಂದಿರಲಿಲ್ಲ, ಗೌಸನಿಗೆ ಅದರ ಬಗ್ಗೆ ಸಣ್ಣ ಜಂಬವೂ ಇತ್ತು.

ಹೀಗೆ ವರ್ಷಗಟ್ಟಲೆ ಮಾತಿನಲ್ಲೇ ಓಡಾಡುತ್ತಿದ್ದ ಗಾಡಿ ಒಂದು ಮಳೆಗಾಲದ ಮೊದಲು ನಿಜವಾಗಿಯೇ ಬಂದು ನಿಂತಿತು. ಕಂತ್ರಾಟದಾರರು ತೀರಿಹೋಗಿ ಬಹಳ ದಿನವಾಗಿತ್ತು. ಅವರ ಹೆಂಡತಿ ಗಿರಿಜಾಬಾಯಿ ಹಿತ್ತಲಲ್ಲಿ ಬಿದ್ದಿದ್ದ ಹಳೆಯ ವಿಲ್ಲೀಸನ್ನು ಕಾಸಿಂಸಾಬನಿಗೆ ಹಾಗೇ ಒಯ್ಯಲು ಹೇಳಿದರು. ಅದರೊಳಗೆ ಕೋಳಿಗಳು ಸಂಸಾರ ಹೂಡಿದ್ದವು. ಲಾರಿಗೆ ಹಗ್ಗ ಕಟ್ಟಿ ಎಳೆದು ತಂದಾಗ ಸೀಟಿನ ಸಂದಿಯಲ್ಲಿ ಇನ್ನೂ ಮೊಟ್ಟೆ ಇದ್ದವು. ಮುದುಕ ಅದರ ಬಾನೆಟ್ಟಿನ ಮೇಲೆ ಕೈಯಾಡಿಸಿ ಕಣ್ಣೊರೆಸಿಕೊಂಡದ್ದನ್ನು ಗೌಸ ನೋಡಿಯೂ ನೋಡದವನಂತೆ ಇದ್ದ.

ಮಳೆಗಾಲವಿಡೀ ಮೂವರೂ ಅದರ ಮೇಲೆ ಬಿದ್ದರು. ಜಗಳ ತಪ್ಪಲೆಂದು ಒಬ್ಬೊಬ್ಬರ ಆಸೆಯನ್ನೂ ಒಳಗೆ ಹಾಕಿದರು. ಕಾಸಿಂಸಾಬನಿಗೆ ಪರದೆ ಬಂತು. ತಾಡಪತ್ರಿಯಷ್ಟು ದಪ್ಪ ಬಟ್ಟೆ, ಚಾವಣಿಯಿಂದ ನೆಲದ ತನಕ, ಎರಡೂ ಕಡೆ ಗುಂಡಿ ಹಾಕಿ ಬಿಗಿದದ್ದು. ಲುಯಿಸನಿಗೆ ಹಿಂದಿನ ಸೀಟು ಕಿತ್ತು ಹಲಗೆ ಹಾಸಿದ್ದಾಯಿತು. ವಿಲ್ಲೀಸಿನ ಹಿಂದಿನ ಬಾಗಿಲು ಎರಡು ತುಂಡಿನದು, ಮೇಲಿನದು ಮೇಲಕ್ಕೆ ಎದ್ದು ಕೆಳಗಿನದು ಕೆಳಕ್ಕೆ ಬೀಳುತ್ತದೆ. ಎರಡನ್ನೂ ತೆರೆದಿಟ್ಟೇ ಓಡಿಸಲು ಸರಪಳಿ ಕಟ್ಟಿದರು. ಪಕ್ಕದ ಗಾಜುಗಳು ಜಾಮಾಗಿದ್ದವು, ಧೂಳು ಬರುವುದಿಲ್ಲ, ಹಾಗೇ ಇರಲಿ ಎಂದರು. ಕೊನೆಗೆ ಗೌಸ ಕೆಳಗೆ ಹೋಗಿ ಪೈಪಿಗೆ ತನ್ನ ಕಟ್ ಹೊಡೆದ. ಗಾಡಿ ಲುಯಿಸನ ಕೈಗೆ ಹೋಗಬೇಕೆಂದು ಮೂವರೂ ಒಪ್ಪಿದರು. ಆ ಕಡೆಯ ಜನರಿಗೆ ಅದರ ಗರಜು ಇತ್ತು.

ಮೊದಲ ಸಲ ಅದು ಉರುಳಿದ ಶುಕ್ರವಾರ ಗ್ಯಾರೇಜಿನಲ್ಲಿ ವಾದವೇ ಇರಲಿಲ್ಲ. ಇದಕ್ಕಿಂತ ಒಳ್ಳೆಯ ವ್ಯಾಗನ್ನು ಇರಲಾರದು ಎಂದು ಮೂವರೂ ಒಂದೇ ಮಾತು ಹೇಳಿದ್ದು ಅವರ ಸ್ನೇಹದಲ್ಲಿ ಅದೇ ಮೊದಲು.

ಕ್ರಿಸ್‌ಮಸ್ ಕಳೆದು ಕೆಲವು ದಿನಕ್ಕೆ ಲುಯಿಸನ ತಾಯಿ ಮಾಗ್ದಲೀನಾ ಗದ್ದೆಯ ಬದುವಿನಿಂದ ಜಾರಿ ಬಿದ್ದಳು. ತೊಡೆಯ ಎಲುಬು ಮುರಿಯಿತು. ಕಾಲು ಮುರಿದಿತ್ತೇ ಹೊರತು ಬಾಯಿಗೆ ಏನೂ ಆಗಿರಲಿಲ್ಲ. ತಾನೇ ಹೊಲಿದ ಕವದಿಯ ಜೋಲಿಯಲ್ಲಿ ಮಲಗಿ, ಹೊತ್ತವರ ನಡಿಗೆಗೆ ಬೈಯುತ್ತಲೇ ರಸ್ತೆಗೆ ಬಂದಳಂತೆ. ಜೋಲಿ ಗಳದ ಸಮೇತ ವ್ಯಾಗನ್ನಿನೊಳಗೆ ಹೋಯಿತು. ಬಾಲದಲ್ಲಿ ಗಳದ ತುದಿ ಒಂದು ಗೇಣು ಹೊರಗೆ ಉಳಿಯಿತು, ಅಷ್ಟೇ. ಆರೈಕೆಗೆಂದು ಊರಿನ ಸೂಲಗಿತ್ತಿ ಗಂಗೂ ಹಿಂದೆ ಹತ್ತಿದಳು, ಕಾಸಿಂಸಾಬನ ಪರದೆ ಇಳಿಯಿತು. ಲುಯಿಸ್ ತನ್ನ ಕಿಟಕಿಗೆ ಮೊಣಕೈ ಊರಿ, ತಾಯಿಗೆ ಕುಲುಕಾಟ ಆಗದಂತೆ ಆದಷ್ಟು ಮೆಲ್ಲಗೆ ಗಾಡಿ ಬಿಟ್ಟ. ಜೊಯಿಡಾ ದಾಟುವ ತನಕ ಬೈಗುಳ ಕೇಳಿಸುತ್ತಿತ್ತು. ಆಮೇಲೆ ನಿಂತಿತು. ಆಯಿಗೆ ನಿದ್ದೆ ಹತ್ತಿತೆಂದು ಅವನು ಇನ್ನೂ ಮೆಲ್ಲಗೆ ಹೋದ.

ಆಸ್ಪತ್ರೆಗೆ ಹೋಗುವ ಮೊದಲು ಅವನು ಗ್ಯಾರೇಜಿನ ಮುಂದೆ ಒಂದು ಗಳಿಗೆ ನಿಲ್ಲಿಸಿದ. ಜೋಲಿ ಹೇಗೆ ಕುಳಿತಿದೆ ಎಂದು ಗೌಸನಿಗೆ ತೋರಿಸಬೇಕಿತ್ತು. ಗೌಸ ಕೈ ಒರೆಸಿಕೊಳ್ಳುತ್ತ ಹಿಂದೆ ಬಂದ. ಗಂಗೂ ಬಾಲದ ಹಲಗೆಯ ಮೇಲೆ ಹೊರಗೆ ತಲೆ ಹಾಕಿ ವಾಂತಿ ಮಾಡುತ್ತಿದ್ದಳು. ಮಾಗ್ದಲೀನಾಳ ಕವದಿಯ ಮೇಲೆ ಕೆಂಪು ಧೂಳು ಬೆರಳು ಊರಿದರೆ ಗುರುತು ಮೂಡುವಷ್ಟು ಕೂತಿತ್ತು. ಮುದುಕಿಯ ಮುಖ ಶಾಂತವಾಗಿತ್ತು, ತುಟಿ, ಉಗುರು ಜೀವ ತುಂಬಿದವರ ಹಾಗೆ ಕೆಂಪಗಿದ್ದವು. ಗೌಸ ಅವಳ ಕೈ ಹಿಡಿದು ನೋಡಿದ. ಅವಳು ಸತ್ತಿದ್ದಳು.

ವಯಸ್ಸಾಗಿತ್ತು, ನೋವಿಗೆ ಎದೆ ತಡೆಯಲಿಲ್ಲ ಎಂದರು ಡಾಕ್ಟರು. ಮಣ್ಣಿಗೆ ಗೌಸ ಮತ್ತು ಕಾಸಿಂಸಾಬ ಇಬ್ಬರೂ ಹೋದರು. ಬಂದವರೆಲ್ಲ ಹೆಣದ ಮುಖ ನೋಡಿ, ಮಲಗಿದ ಹಾಗೇ ಇದ್ದಾಳೆ, ಪುಣ್ಯದ ಸಾವು ಎಂದು ಲುಯಿಸನ ಬೆನ್ನು ಸವರಿದರು. ಗಂಗೂ ಮಾತ್ರ ತಲೆಗೆ ಬಟ್ಟೆ ಬಿಗಿದುಕೊಂಡು ಗೋಡೆಗೆ ಒರಗಿದ್ದಳು. ಆ ಗಾಡಿಯ ಹಿಂದೆ ಕುಳಿತರೆ ತಲೆ ಸೀಳಿಹೋಗುತ್ತದೆ, ಹೊರಗೆ ತಲೆ ಹಾಕದಿದ್ದರೆ ತಾನೂ ಅಲ್ಲೇ ಬೀಳುತ್ತಿದ್ದೆ ಎಂದಳು. ಮೋಟಾರು ಹತ್ತಿ ಗೊತ್ತಿಲ್ಲದವರಿಗೆ ಹಾಗೇ ಹೊಟ್ಟೆ ತೊಳಸುವುದು ಎಂದು ಕಾಸಿಂಸಾಬ ನಕ್ಕ. ಗೌಸನೂ ನಕ್ಕ. ವಾಪಸು ಬರುವಾಗ ಮಾತ್ರ ಅವನಿಗೆ ಆ ಧೂಳು ನೆನಪಾಯಿತು. ಗಾಡಿ ಮುಂದಕ್ಕೆ ಓಡುವಾಗ ಹಿಂದೆ ಎದ್ದ ಧೂಳು ಹಿಂದೆಯೇ ಉಳಿಯಬೇಕಲ್ಲ, ಅದು ಕವದಿಯ ಮೇಲೆ ಹೇಗೆ ಬಂತು?

ಆ ಪ್ರಶ್ನೆ ಅವನನ್ನು ಬಿಡಲಿಲ್ಲ. ಒಂದು ದಿನ ಹಿಂದಿನ ಅಚ್ಚಿನಲ್ಲಿ ಏನೋ ಸಪ್ಪಳ ಬರುತ್ತಿದೆ, ಒಳಗೆ ಮಲಗಿ ಕೇಳುತ್ತೇನೆ ಎಂದು ಲುಯಿಸನಿಗೆ ಸುಳ್ಳು ಹೇಳಿ, ವ್ಯಾಗನ್ನಿನ ಹಲಗೆಯ ಮೇಲೆ ಅಂಗಾತ ಮಲಗಿದ. ಪರದೆ ಇಳಿದಿತ್ತು, ಹಿಂದಿನ ಬಾಗಿಲು ಎರಡೂ ತೆರೆದಿದ್ದವು. ಗಾಡಿ ಜೊಯಿಡಾದ ಹಾದಿ ಹಿಡಿಯಿತು. ಗೌಸ ತಲೆ ಎತ್ತಿ ನೋಡಿದ. ಚಕ್ರದಡಿ ಎದ್ದ ಕೆಂಪು ಧೂಳು ಹಿಂದಕ್ಕೆ ಹೋಗದೆ ಬಾಲದ ಹತ್ತಿರ ಸುರುಳಿ ಸುತ್ತಿ, ಕೆಳಬಾಗಿಲನ್ನು ಏರಿ, ಒಳಗೆ ತೆವಳಿ ಬರುತ್ತಿತ್ತು. ನೇರ ಅವನ ಮುಖದ ಕಡೆಗೆ. ಓಡುವ ಗಾಡಿ ತನ್ನ ಬೆನ್ನಿನ ಗಾಳಿಯನ್ನು ತಾನೇ ಒಳಗೆ ಎಳೆದುಕೊಳ್ಳುತ್ತಿತ್ತು. ಧೂಳು ಬಂದರೆ ಧೂಳಿನ ಸಂಗಡ ಇರುವ ಹೊಗೆಯೂ ಬರುತ್ತದೆ. ಅವನು ಕತ್ತರಿಸಿದ ಪೈಪಿನ ಬಾಯಿ ಅವನ ಬೆನ್ನಿನ ನೇರಕ್ಕೇ, ಹಲಗೆಯ ಕೆಳಗೇ ಇತ್ತು.

ಎದ್ದು ಕೂಡಬೇಕು ಎಂದುಕೊಂಡ. ಆದರೆ ಹಿತವಾದ ಒಂದು ಮಂಪರು ಬಂದಿತ್ತು, ಏಳುವುದು ಯಾಕೆ ಎನಿಸುತ್ತಿತ್ತು. ಹಣೆಯಲ್ಲಿ ಯಾರೋ ಸುತ್ತಿಗೆ ಬಡಿಯಲು ಶುರುಮಾಡಿದ್ದರಿಂದ ಎಚ್ಚರವಾಗಿ ಗಾಡಿಯ ಮೈಗೆ ಗುದ್ದಿದ. ಲುಯಿಸ್ ನಿಲ್ಲಿಸಿದಾಗ ಅವನು ರಸ್ತೆಯ ಬದಿಗೆ ಕುಕ್ಕರಿಸಿ ಕಾರಿಕೊಂಡ.

ಆಗ ಅವನಿಗೆ ಎಲ್ಲವೂ ತಿಳಿದಿತ್ತು. ಪರದೆ ಕಾಸಿಂಸಾಬನದು, ತೆರೆದ ಬಾಗಿಲು ಲುಯಿಸನದು, ಪೈಪು ತನ್ನದು. ಒಂದಿಲ್ಲದಿದ್ದರೂ ಮುದುಕಿ ಬದುಕಿರುತ್ತಿದ್ದಳೋ ಏನೋ. ಮೂರನ್ನೂ ಕೂಡಿಸಿ, ಅದನ್ನು ಮಗನ ಕೈಗೇ ಕೊಟ್ಟು ಅವಳನ್ನು ಕೊಲ್ಲಿಸಿದ್ದರು. ಹೇಳಬೇಕೆಂದು ಬಾಯಿ ಒರೆಸಿಕೊಂಡು ತಲೆ ಎತ್ತಿದ. ಲುಯಿಸ್ ನೀರಿನ ಡಬ್ಬಿ ಹಿಡಿದು ಅವನ ಪಕ್ಕ ಕುಳಿತಿದ್ದ, ಬಹಳ ದಿನದ ಮೇಲೆ ಅವನ ಮುಖದಲ್ಲಿ ಸಣ್ಣ ನಗು ಇತ್ತು. ನಾವೇ ಕಟ್ಟಿದ ಗಾಡಿ ನಮಗೇ ತಾಳದಾಯಿತೇ ಎಂದು ಚೇಷ್ಟೆ ಮಾಡಿದ. ಆಮೇಲೆ ನಗು ಹೋಯಿತು.

"ಆಯಿ ಇಲ್ಲೇ, ಹಿಂಗ ಮಲಗಿದಲ್ಲೇ ಹೋದಳು ಗೌಸಭಾಯಿ. ತ್ರಾಸ ಆಗಲಿಲ್ಲ. ಜೀಪಿನ್ಯಾಗ ಒಯ್ದಿದ್ರ ನಮ್ಮಪ್ಪನಂಗ ಹಾದಿ ತುಂಬ ಒದರಿ ಸಾಯ್ತಿದ್ದಳು. ಈ ಗಾಡಿ ಇತ್ತು, ನಿದ್ದಿ ಮಾಡಿದಂಗ ಹೋದಳು. ಅದನ್ನ ನೆನಸೇ ನಾ ಈಗ ರಾತ್ರಿ ಕಣ್ಣು ಮುಚ್ತೇನಿ."

ಗೌಸ ಡಬ್ಬಿಗೆ ಕೈ ಚಾಚಿದ. ಡಬ್ಬಿಯ ನೀರು ಕುಡಿದ, ಸಪ್ಪಳ ಏನೂ ದೊಡ್ಡದಲ್ಲ ಎಂದ, ಮುಂದಿನ ಸೀಟಿನಲ್ಲಿ ಕುಳಿತು ಊರಿಗೆ ಬಂದ. ಹೇಳಿ ಆಗುವುದೇನು, ಹೋದವಳು ಬರುತ್ತಾಳೆಯೇ, ಬದುಕಿದವನ ನಿದ್ದೆ ಮಾತ್ರ ಕೆಡುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಗಾಡಿ ಸರಿ ಮಾಡಿದರೆ ಮುಗಿಯಿತಲ್ಲ. ಅದು ಕರುಣೆಯೋ ಹೇಡಿತನವೋ ಎಂದು ಆಗ ಕೇಳಿದ್ದರೆ ಅವನು ಕರುಣೆ ಎನ್ನುತ್ತಿದ್ದ.

ಮರುದಿನವೇ ಹೊಸ ಪೈಪು ತಂದು, ಬಾಲ ದಾಟಿ ಹೊರಗೆ ಹೋಗುವಷ್ಟು ಉದ್ದ ಮಾಡಿ, ತುದಿಯನ್ನು ಪಕ್ಕಕ್ಕೆ ಬಗ್ಗಿಸಿ ವೆಲ್ಡ್ ಮಾಡಿದ. ಶುಕ್ರವಾರ ಕಾಸಿಂಸಾಬ ಬಂದು ನೋಡಿ ಹುಬ್ಬೇರಿಸಿದ. ಗೌಸನ ಕಟ್ ಎಂದು ಹೆಸರು ಗಳಿಸಿದ ಮನುಷ್ಯ ಅಣಶಿಯ ಹಾದಿಗೆ ಹೋಗುವ ಗಾಡಿಗೆ ಇಷ್ಟುದ್ದದ ಬಾಲ ಕಟ್ಟುವುದೇ? ಹಳ್ಳದ ಮೊದಲ ಕಲ್ಲಿಗೇ ಹೋಗುತ್ತದೆ ಎಂದು ಮುದುಕ ಗೌಸನ ಹಳೆಯ ಮಾತುಗಳನ್ನೇ ಒಂದೊಂದಾಗಿ ಗೌಸನಿಗೆ ಒಪ್ಪಿಸಿದ. ಗೌಸನಿಗೆ ಉತ್ತರವಿತ್ತು, ಕೊಡುವ ಹಾಗಿರಲಿಲ್ಲ. ಸಪ್ಪಳ ಕಡಿಮೆಯಾಗುತ್ತದೆ, ಇಂಜಿನ್ನಿಗೆ ಒಳ್ಳೆಯದು ಎಂದು ಏನೇನೋ ಅಂದ. ಗಾಳಿಯಾಡಲಿ, ಆ ಪರದೆ ತೆಗೆಯೋಣ ಎಂದಾಗ ಮುದುಕ ಸಿಟ್ಟಾಗಿ ಎದ್ದು ಹೊರಟೇಬಿಟ್ಟ. ವರ್ಷಗಳ ವಾದದಲ್ಲಿ ಗೌಸ ಸೋತದ್ದು ಆ ದಿನ. ಪರದೆ ಉಳಿಯಿತು.

"ಪೈಪು ಜ್ವಾಕಿ ಲುಯಿಸ್. ಅದನ್ನ ತಗೀಬ್ಯಾಡ" ಎಂದ ಗೌಸ, ಗಾಡಿ ಒಯ್ಯಲು ಬಂದ ಲುಯಿಸನಿಗೆ.

"ಹೂಂ, ತಗ್ಯಂಗಿಲ್ಲ ಬಿಡ್ರಿ" ಎಂದ ಲುಯಿಸ್. ಯಾಕೆ ಎಂದು ಅವನು ಕೇಳಲಿಲ್ಲ. ಗಾಡಿಯ ವಿಷಯದಲ್ಲಿ ಗೌಸಭಾಯಿ ಹೇಳಿದ ಮೇಲೆ ಕೇಳುವುದೇನಿದೆ?

ಆಮೇಲೆ ಗೌಸ ಎಷ್ಟೋ ಸಲ ಹೇಳಲು ಹೊರಟ. ದುಃಖ ತುಸು ಆರಲಿ ಎಂದು ಒಮ್ಮೆ ಬಿಟ್ಟ. ಲುಯಿಸನ ಹೆಂಡತಿ ರುಕ್ಮಾ ಬಸುರಿ, ಮನೆಯಲ್ಲಿ ಈಗಷ್ಟೇ ನಗು ಮೂಡಿದೆ, ಹೆರಿಗೆಯಾಗಲಿ ಎಂದು ಇನ್ನೊಮ್ಮೆ ಬಿಟ್ಟ. ಹೆಣ್ಣಾದರೆ ಆಯಿಯ ಹೆಸರು ಎಂದು ಲುಯಿಸ್ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ.

ಮೊದಲ ಮಳೆ ಇನ್ನೂ ಬಿದ್ದಿರಲಿಲ್ಲ, ಸೆಕೆ ವಿಪರೀತ ಇತ್ತು. ಒಂದು ಮಧ್ಯಾಹ್ನ ಬಸ್ಸಿನ ಡ್ರೈವರೊಬ್ಬ ಗ್ಯಾರೇಜಿನ ಮುಂದೆ ನಿಲ್ಲಿಸಿ, ನಿಮ್ಮ ವ್ಯಾಗನ್ನು ಆಸ್ಪತ್ರೆಯ ಕಡೆ ಹೋಯಿತು, ಲುಯಿಸನ ಹೆಂಡತಿಗೆ ಬೇನೆ ಬಿಡದೆ ಜೋಲಿಯಲ್ಲಿ ತಂದಿದ್ದಾರೆ ಎಂದು ಹೇಳಿ ಹೋದ. ಗೌಸ ಕೈಯನ್ನೂ ತೊಳೆಯದೆ ಸೈಕಲ್ಲು ಹತ್ತಿದ. ಪೈಪು ಉದ್ದ ಇದೆ, ಬಾಲದಾಚೆ ಇದೆ ಎಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಹೇಳಿಕೊಂಡ.

ವ್ಯಾಗನ್ನು ಆಸ್ಪತ್ರೆಯ ಅಂಗಳದಲ್ಲಿ ನಿಂತಿತ್ತು. ಗಂಗೂ ಮೆಟ್ಟಿಲ ಮೇಲೆ ತಲೆ ಹಿಡಿದುಕೊಂಡು ಕುಳಿತಿದ್ದಳು. ಗೌಸ ಮೊದಲು ಅವಳ ಹತ್ತಿರ ಹೋಗಲಿಲ್ಲ, ಗಾಡಿಯ ಹಿಂದೆ ಹೋದ. ಬಾಲದ ಕೆಳಗೆ ಪೈಪು ಇರಲಿಲ್ಲ. ಬಗ್ಗಿ ನೋಡಿದ. ನೆಲಹಾಸಿನ ನಡುವೆ ಪೈಪನ್ನು ನೀಟಾಗಿ ಕತ್ತರಿಸಿ ತಂತಿ ಬಿಗಿಯಲಾಗಿತ್ತು. ಯಾವ ಡ್ರೈವರಾದರೂ ಮಾಡುವ ಹಾಗೆ, ಅವನೇ ಎಲ್ಲರಿಗೂ ಕಲಿಸಿಕೊಟ್ಟ ಹಾಗೆ. ಉಳಿದ ತುಂಡು ಒಳಗೆ ಹಲಗೆಯ ಮೇಲೆ ಇತ್ತು, ಉರುಳಾಡದಿರಲೆಂದು ಕವದಿಯ ಅಂಚಿನಲ್ಲಿ ಸುತ್ತಿಟ್ಟಿದ್ದರು. ಕವದಿಯ ಮೇಲೆ ಕೆಂಪು ಧೂಳು.

ಗಂಗೂ ತಾನೇ ಹೇಳಿದಳು. ಜೊಯಿಡಾ ಬರುವ ತನಕ ಹೊಟ್ಟೆಯೊಳಗೆ ಕೂಸು ಒದೆಯುತ್ತಿದ್ದದ್ದು ಅವಳ ಕೈಗೆ ಗೊತ್ತಾಗಿತ್ತು. ಆಮೇಲೆ ಒದೆತ ನಿಂತಿತು, ರುಕ್ಮಾ ತೂಕಡಿಸತೊಡಗಿದಳು. ಗಂಗೂ ಅವಳ ಕೆನ್ನೆಗೆ ತಟ್ಟುತ್ತ, ತಲೆಯನ್ನು ಬಾಲದ ಕಡೆ ಎಳೆದು ಗಾಳಿಗೆ ಹಿಡಿದು ಕರೆತಂದಿದ್ದಳು. ತಾಯಿ ಉಳಿದಳು. ಹೆಣ್ಣು ಕೂಸು, ಸತ್ತೇ ಹುಟ್ಟಿತು.

ಲುಯಿಸ್ ಹೊರಗೆ ಬಂದ. ಅತ್ತಿರಲಿಲ್ಲ, ಅಳುವುದು ಹೇಗೆಂದು ಮರೆತವನ ಹಾಗೆ ಇದ್ದ. ಗೌಸನನ್ನು ಕಂಡು, ತಪ್ಪು ಮಾಡಿದವನಂತೆ ಮೊದಲು ಪೈಪಿನ ಮಾತೇ ಎತ್ತಿದ.

"ಹಳ್ಳದ ಕಲ್ಲಿಗೆ ಪೈಪು ಮುರೀತ್ರಿ, ನೆಲಕ್ಕ ತಿಕ್ಕಲಿಕ್ಕೆ ಹತ್ತಿತ್ತು. ಕಟ್ ಹೊಡದು ತಂತಿ ಬಿಗದೆ. ನೀವು ಜ್ವಾಕಿ ಅಂದಿದ್ರಿ ಅಂತ ತುಂಡು ಒಗದು ಬರಲಿಲ್ಲ. ಆಕಿ ಮಗ್ಗಲಕ್ಕ ಇಟಗೊಂಡು ತಂದೇನಿ."

ಗೌಸ ಹೇಳಿದ. ಅಂಗಳದ ನಡುವೆ ನಿಂತು ಎಲ್ಲವನ್ನೂ ಹೇಳಿದ. ಧೂಳು ಒಳಗೆ ಬರುವುದನ್ನು, ಅದರ ಸಂಗಡ ಹೊಗೆ ಬರುವುದನ್ನು, ಪರದೆ ಅದನ್ನು ಹಿಂದೆಯೇ ತಡೆದು ಮಲಗಿದವರ ಮೇಲೆ ಹಾಕುವುದನ್ನು, ಆ ಹೊಗೆಯ ವಿಷಕ್ಕೇ ಕೆಂಪಗಾಗಿದ್ದ ಮಾಗ್ದಲೀನಾಳ ಉಗುರಿನ ಬಣ್ಣವನ್ನು. ಲುಯಿಸ್ ಎಲ್ಲವನ್ನೂ ಕೇಳಿಸಿಕೊಂಡ. ತಾಯಿಯ ಬಗ್ಗೆಯೂ ಕೇಳಲಿಲ್ಲ, ಕೂಸಿನ ಬಗ್ಗೆಯೂ ಕೇಳಲಿಲ್ಲ.

"ಇದು ನಿಮಗ ಯಾವಾಗ ತಿಳೀತು?"

ಈಗ, ಗಾಡಿ ನೋಡಿದ ಮೇಲೆ ಎಂದುಬಿಡಬಹುದಿತ್ತು. ಅಷ್ಟು ಹೇಳಿದ್ದರೆ ಲುಯಿಸ್ ನಂಬುತ್ತಿದ್ದ.

"ಹಿಂದ ಮಲಗಿ ಕಾರಿಕೊಂಡ್ನಲ್ಲ, ಅವತ್ತ" ಎಂದ ಗೌಸ. "ನೀ ಆಯಿ ಮಾತು ಹೇಳಿದಿ. ನನಗ ಬಾಯಿ ಬರಲಿಲ್ಲ."

ಲುಯಿಸ್ ಒಂದು ಹೆಜ್ಜೆ ಹತ್ತಿರ ಬಂದ. ಹೊಡೆಯುತ್ತಾನೆ ಎಂದುಕೊಂಡ ಗೌಸ, ಹೊಡೆದರೆ ಸಾಕಾಗಿತ್ತು ಎಂದೂ ಅನಿಸಿತು.

"ಅವತ್ತ ಹೇಳಿದ್ರ ನಾ ಆಯಿ ಸಲುವಾಗಿ ಅಳ್ತಿದ್ದೆ ಗೌಸಭಾಯಿ. ಅಷ್ಟ ಆಗ್ತಿತ್ತು."

ಅವನು ವ್ಯಾಗನ್ನಿನ ಹಿಂದೆ ಹೋಗಿ, ಕವದಿಯ ಅಂಚು ಬಿಡಿಸಿ, ಪೈಪಿನ ತುಂಡನ್ನು ತೆಗೆದು, ಅದರ ಮೇಲಿನ ಧೂಳನ್ನು ಅಂಗಿಯ ತೋಳಿನಿಂದ ಒರೆಸಿದ. ಗೌಸನ ಎರಡೂ ಕೈಯಲ್ಲಿ ಅದನ್ನು ಇಟ್ಟು ಒಳಗೆ ಹೋದ. ಕೂಸನ್ನು ಕವದಿಯಲ್ಲಿ ಸುತ್ತಿ ಎತ್ತಿಕೊಂಡು ಅವನು ಸಂಜೆಯ ಬಸ್ಸಿಗೆ ಹೋದನಂತೆ. ರುಕ್ಮಾಳಿಗೆ ಗುಣವಾದ ಮೇಲೆ ಅವಳನ್ನೂ ಬಸ್ಸಿನಲ್ಲೇ ಕರೆದೊಯ್ದ. ವ್ಯಾಗನ್ನಿನ ಕೀಲಿಯನ್ನು ಆಸ್ಪತ್ರೆಯ ಜವಾನನ ಕೈಯಲ್ಲಿ ಕೊಟ್ಟು ಹೋಗಿದ್ದ.

ಮುಂದಿನ ಶುಕ್ರವಾರ ನಮಾಜು ಮುಗಿಸಿ ಕಾಸಿಂಸಾಬ ಗ್ಯಾರೇಜಿಗೆ ಬಂದು, ಎಂದಿನ ಬೆಂಚಿನ ಮೇಲೆ ಕುಳಿತ. ಗೌಸ ಒಂದು ಲಾರಿಯ ಕೆಳಗಿದ್ದ. ಮುದುಕ ಬಹಳ ಹೊತ್ತು ಕಾದ. ಗೌಸ ಹೊರಗೆ ಬರಲಿಲ್ಲ, ಪಾನಾ ತಿರುಗುವ ಸಪ್ಪಳವೂ ನಿಲ್ಲಲಿಲ್ಲ. ಕೊನೆಗೆ ಕಾಸಿಂಸಾಬ ಎದ್ದು ಮನೆಗೆ ಹೋದ.